ಯಲಹಂಕದ ಪ್ರಭುಮನೆತನ: ಒಬ್ಬ ಮಗಳು, ಒಬ್ಬ ಸೊಸೆ

ನಾನು ಉಪಾಧ್ಯಾಯನಾಗಿದ್ದಾಗ ಒಮ್ಮೆ ಮಕ್ಕಳನ್ನು ಹೆಬ್ಬಾಳದ ದಾರಿಯಲ್ಲಿ ಮೇಖ್ರಿ ವೃತ್ತದ ಬಳಿಯಿರುವ ಕೆಂಪೇಗೌಡರ ಗೋಪುರಕ್ಕೆ ಕರೆದುಕೊಂಡು ಹೋಗಿದ್ದೆನು. ಪ್ರಭುಗಳ ವಂಶಾವಳಿಯನ್ನು ನಾನು ಒಪ್ಪಿಸಿ ಮುಗಿಸಿದ ಕೂಡಲೆ ಒಬ್ಬ ಹುಡುಗಿಯು, "ಆ ಮನೆಯ ಹೆಂಗಸರ ಹೆಸರೇನು, ಮೇಷ್ಟ್ರೇ?" ಎಂದು ಕೇಳಿದಳು. ಆಗ ನನಗೆ ಉತ್ತರ ತೋಚಲಿಲ್ಲ. ಈ ಲೇಖನವು ತಡವಾಗಿ ಬಂದ ಉತ್ತರ.

ದೊಡ್ಡ ಮನೆತನದ ಚರಿತ್ರೆಗೆ ಎರಡು ಭಾಗಗಳುಂಟು. ಊರು ಕಟ್ಟಿದುದು, ಕೆರೆ ತೋಡಿಸಿದುದು, ದೇವಾಲಯಕ್ಕೆ ದತ್ತಿ ಬಿಟ್ಟುದು ಒಂದು. ಮನೆಯೊಳಗಣ ಸುಖದುಃಖ ಮತ್ತೊಂದು. ವೇಲ್ಸ್ ದೇಶದ ಜಮೀನ್ದಾರ ಮನೆತನಗಳ ಕಾಗದಪತ್ರಗಳೂ ಲೆಕ್ಕದ ಪುಸ್ತಕಗಳೂ ಅಲ್ಲಿಯ ರಾಷ್ಟ್ರೀಯ ಪುಸ್ತಕಭಂಡಾರದಲ್ಲಿ ರಕ್ಷಿತವಾಗಿರುವುದರಿಂದ, ಅವರ ಎರಡು ಭಾಗಗಳನ್ನೂ ಓದಬಹುದು. ನಮ್ಮ ಯಲಹಂಕದ ನಾಡಪ್ರಭುಗಳ ವಿಷಯದಲ್ಲಿ ಮೊದಲನೆಯದಕ್ಕೆ ಕಲ್ಲೂ ಕೆರೆಯೂ ಸಾಕ್ಷಿ. ಎರಡನೆಯದಕ್ಕೆ ಬಹುಮಟ್ಟಿಗೆ ಜನವಾಣಿಯೇ ಗತಿ. ಆಧಾರವಿಲ್ಲದುದನ್ನು ಬರೆಯೆನೆಂದು ಪಣ ತೊಟ್ಟ ಮಲ್ಲಿನಾಥನನ್ನು ಓದಿ ಬೆಳೆದ ನನ್ನಂಥವರು ಜನವಾಣಿಯನ್ನು ಜನವಾಣಿಯೆಂದೇ ಹೇಳಬೇಕು. ಆದರೆ ಅದನ್ನು ಕೇಳದೆ ಇರಬಾರದು.

ಈ ಮನೆತನದ ಕಥೆಯು ಒಬ್ಬ ಮಗಳಿಂದ ಆರಂಭವಾಗುತ್ತದೆ. ಕಂಚಿಯ ಕಡೆಯಲ್ಲಿದ್ದ ರಣಭೈರೇಗೌಡನ ಮಗಳು ದೊಡ್ಡಮ್ಮನನ್ನು ಅಲ್ಲಿಯ ಪ್ರಬಲನಾದ ಅಧಿಪತಿಯೊಬ್ಬನು ಬಲವಂತವಾಗಿ ವರಿಸಲು ಬಯಸಿದನಂತೆ. ಆಗ ಬಂಧುಗಳೆಲ್ಲ ಗಾಡಿಗಳನ್ನು ಕಟ್ಟಿಕೊಂಡು ರಾತ್ರಿಯಲ್ಲೇ ಹೊರಟರು. ಪಾಲಾರ್ ನದಿಯು ತುಂಬಿ ಹರಿಯುತ್ತಿರಲು, ಆ ಕನ್ಯೆಯು ಗಂಗೆಯನ್ನು ಪ್ರಾರ್ಥಿಸಿ ತನ್ನ ಕಿವಿಯ ಓಲೆಯನ್ನು ನೀರಿಗೆ ಅರ್ಪಿಸಿದಳು. ನದಿಯು ದಾರಿ ಬಿಟ್ಟಿತೆಂದು ಪ್ರತೀತಿ. ಹೀಗೆ ಬಂದವರು ಇಂದಿನ ದೇವನಹಳ್ಳಿ ತಾಲ್ಲೂಕಿನ ಆವತಿಯಲ್ಲಿ ನೆಲೆಸಿದರು. ನದಿಯ ಪವಾಡವನ್ನು ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದ್ದು. ಒಬ್ಬ ಹುಡುಗಿಯ ಮಾನಕ್ಕಾಗಿ ಕುಲವೇ ಹೊಲಮನೆಗಳನ್ನು ತೊರೆಯಿತೆಂಬುದನ್ನು ಆ ಮನೆತನದವರು ತಮ್ಮ ಹಿರಿಮೆಯೆಂದು ನೆನಪಿಟ್ಟುಕೊಂಡರು, ಗಮನಿಸಬೇಕಾದುದು ಅದು.

ಆವತಿಯಿಂದ ಒಂದು ಶಾಖೆಯು ಯಲಹಂಕಕ್ಕೆ ಬಂದು, ವಿಜಯನಗರದ ಸಾಮಂತಪದವಿಯನ್ನು ಪಡೆಯಿತು. ಜಯಗೌಡ, ಗಿಡ್ಡೇಗೌಡ, ಕೆಂಪನಂಜೇಗೌಡರ ತರುವಾಯ ಹಿರಿಯ ಕೆಂಪೇಗೌಡನು 1513ರಿಂದ 1569ರವರೆಗೆ ಆಳಿದನೆಂದು ಗಣಿಸುತ್ತಾರೆ. 1537ರಲ್ಲಿ ಅವನು ಬೆಂಗಳೂರಿನ ಮಣ್ಣಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದನು. ಅಚ್ಯುತರಾಯನು ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮೊದಲಾದ ಗ್ರಾಮಗಳನ್ನು ಕೊಟ್ಟನೆಂದೂ ಅವುಗಳ ಹುಟ್ಟುವಳಿ 30,000 ವರಹಗಳೆಂದೂ ಹೇಳುತ್ತಾರೆ. ಆದರೆ ಏಳಿಗೆಯ ಜೊತೆಯಲ್ಲಿಯೇ ಆಪತ್ತೂ ಬಂತು. ಕುಲದೇವರಾದ ಭೈರವನ ಹೆಸರಿನಲ್ಲಿ ನಾಣ್ಯ ಅಚ್ಚುಹಾಕಿಸಿದ ತಪ್ಪಿಗಾಗಿ ಪ್ರಭುವು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿರಬೇಕಾಯಿತು. ಯಜಮಾನನಿಲ್ಲದ ಆ ಐದು ವರ್ಷ ಯಲಹಂಕದ ಮನೆಯಲ್ಲಿ ಹೇಗೆ ಕಳೆದವೋ, ಯಾರೂ ಬರೆದಿಡಲಿಲ್ಲ.

ಇನ್ನು ಸೊಸೆಯ ಕಥೆ. ಕೋಟೆಯ ಹೆಬ್ಬಾಗಿಲು ಹಗಲು ನಿಲ್ಲಿಸಿದರೆ ರಾತ್ರಿ ಬೀಳುತ್ತಿತ್ತಂತೆ. ಗರ್ಭಿಣಿಯ ಬಲಿಯಾಗಬೇಕೆಂದು ತಿಳಿದವರು ಹೇಳಿದರು. ಪ್ರಭುವು ಒಪ್ಪಲಿಲ್ಲ. ತುಂಬು ಗರ್ಭಿಣಿಯಾಗಿದ್ದ ಸೊಸೆ ಲಕ್ಷ್ಮಮ್ಮನು ಯಾರಿಗೂ ತಿಳಿಸದೆ ಇರುಳಿನಲ್ಲಿ ಹೋಗಿ ಬಾಗಿಲ ಮುಂದೆ ತನ್ನನ್ನು ತಾನೇ ಬಲಿಕೊಟ್ಟುಕೊಂಡಳು. ಕೋರಮಂಗಲದಲ್ಲಿ ಅವಳ ಸ್ಮಾರಕವಿದೆ. ಇದು ಜನವಾಣಿಯೇ ಹೊರತು ಶಾಸನದ ಮಾತಲ್ಲ. ಇಂತಹ ಕಥೆಗಳು ಬೇರೆ ಕೋಟೆಕೆರೆಗಳ ವಿಷಯದಲ್ಲಿಯೂ ಉಂಟು. ಆದರೂ ಜನರು ಕೋಟೆಯ ವೆಚ್ಚವನ್ನು ವರಹಗಳಲ್ಲಿ ಎಣಿಸದೆ ಒಬ್ಬ ಹೆಣ್ಣಿನ ಪ್ರಾಣದಲ್ಲಿ ಎಣಿಸಿದರೆಂಬುದು ವಿಚಾರಾರ್ಹವಾದುದು. ಮಗಳ ಮಾನಕ್ಕಾಗಿ ಊರು ಬಿಟ್ಟ ಕುಲವೇ ಊರು ಕಟ್ಟುವಾಗ ಸೊಸೆಯನ್ನು ಕಳೆದುಕೊಂಡಿತು!

ಮೊರಸು ಒಕ್ಕಲಿಗರಲ್ಲಿ ಬಂಡಿದೇವರ ಪೂಜೆಯ ಕಾಲಕ್ಕೆ ವಿವಾಹಿತೆಯರ ಬೆರಳುಗಳನ್ನು ಕತ್ತರಿಸುವ ಪದ್ಧತಿಯಿದ್ದು, ಅದನ್ನು ಹಿರಿಯ ಕೆಂಪೇಗೌಡನು ನಿಲ್ಲಿಸಿದನೆಂದು ಹೇಳುತ್ತಾರೆ. 19ನೆಯ ಶತಮಾನದ ಬರೆಹಗಳಲ್ಲಿಯೂ ಈ ಪದ್ಧತಿಯ ಪ್ರಸ್ತಾಪವಿರುವುದರಿಂದ, ಪ್ರಭುವಿನ ಆಜ್ಞೆಯು ಪೂರ್ತಿಯಾಗಿ ನಡೆಯಲಿಲ್ಲವೆಂದು ಊಹಿಸಬೇಕಾಗಿದೆ. ಕೋಟೆ ಕಟ್ಟುವುದಕ್ಕಿಂತ ಮನೆಯ ಆಚಾರವನ್ನು ತಿದ್ದುವುದು ಕಷ್ಟ.

ಮುಂದಿನ ಕಥೆ ಸಂಕ್ಷೇಪವಾದುದು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ಸೈನ್ಯಕ್ಕೆ ಬೆಂಗಳೂರು ವಶವಾಗಿ, ಮನೆತನವು ಮಾಗಡಿಗೆ ಸರಿಯಿತು. 1728ರಲ್ಲಿ ಮೈಸೂರಿನ ಸೈನ್ಯವು ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿಯಿತು. ಕಡೆಯ ಕೆಂಪೇಗೌಡನು ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡನು.

2022ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣದ ಬಳಿ ಹಿರಿಯ ಕೆಂಪೇಗೌಡನ 108 ಅಡಿಗಳ ಪ್ರತಿಮೆ ನಿಂತಿತು. ಅದು ನ್ಯಾಯವಾದ ಗೌರವವೇ. ಅದನ್ನು ನೋಡಹೋದವರು ಅದೇ ತಾಲ್ಲೂಕಿನ ಆವತಿಗೂ, ಬಿಡುವಾದಾಗ ಕೋರಮಂಗಲಕ್ಕೂ ಮಕ್ಕಳನ್ನು ಕರೆದೊಯ್ಯಲಿ. ಅವರು ಹೆಂಗಸರ ಹೆಸರು ಕೇಳಿದರೆ, ದೊಡ್ಡಮ್ಮ, ಲಕ್ಷ್ಮಮ್ಮ ಎಂದು ಹೇಳಲಿ. ಅಂದು ನಾನು ಹೇಳಬೇಕಾಗಿದ್ದುದು ಅಷ್ಟೆ.