ಸೀಗಲ್‌ಗಳು ನಿದ್ದೆಯನ್ನೇ ಮಾಡುವುದಿಲ್ಲವೇ? ಒಂಟಿ ಕಾಲಲ್ಲಿ ನಿಂತರೆ ಗಾಯವಾಗಿದೆ ಎಂದರ್ಥವೇ?

ಚಳಿಗಾಲದಲ್ಲಿ ಮಲ್ಪೆ, ಕಾರವಾರದಂಥ ಕಡಲತೀರಗಳಿಗೆ ಸೀಗಲ್‌, ಅಂದರೆ ಕಡಲಕ್ಕಿಗಳು ಹಿಂಡು ಹಿಂಡಾಗಿ ಬರುತ್ತವೆ. ಇವುಗಳಲ್ಲಿ ಕಂದುತಲೆಯ ಕಡಲಕ್ಕಿಗಳು ಲಡಾಖ್, ಟಿಬೆಟ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳ ಬಳಿ ಮರಿ ಮಾಡಿ ಇಲ್ಲಿಗೆ ವಲಸೆ ಬರುವಂಥವು. ಇವುಗಳ ನಿದ್ದೆಯ ಬಗ್ಗೆ ಕೇಳಿಬರುವ ಮಾತುಗಳಲ್ಲಿ ನಿಜ ಎಷ್ಟು? ನೋಡೋಣ.

ಮಾತು 1: ಸೀಗಲ್‌ಗಳು ನಿದ್ದೆ ಮಾಡುವುದಿಲ್ಲ

ಸುಳ್ಳು. ಕತ್ತಲಾಗುತ್ತಿದ್ದಂತೆ ಅವು ಮರಳದಿಬ್ಬ, ಕೆರೆ, ಜಲಾಶಯ ಅಥವಾ ಸಮತಟ್ಟಾದ ಚಾವಣಿಗಳ ಮೇಲೆ ಗುಂಪಾಗಿ ಸೇರಿ ಮಲಗುತ್ತವೆ. ಆದರೆ ಒಂದು ಕಣ್ಣು ತೆರೆದೇ ಇರಬಹುದು. ಆಗ ಮೆದುಳಿನ ಒಂದು ಭಾಗ ನಿದ್ರಿಸುತ್ತದೆ, ಇನ್ನೊಂದು ಭಾಗ ಎಚ್ಚರವಾಗಿರುತ್ತದೆ.

ಇದರ ಲಾಭವೇನೆಂದು 1999ರಲ್ಲಿ ಅಮೆರಿಕದ ವಿಜ್ಞಾನಿಗಳು ಬಾತುಕೋಳಿಗಳ ಮೇಲೆ ನಡೆಸಿದ ಅಧ್ಯಯನ ತೋರಿಸಿತು. ಸಾಲಿನ ತುದಿಯಲ್ಲಿ ಮಲಗಿದ ಬಾತುಗಳು ಇಂಥ ಅರೆನಿದ್ದೆಯನ್ನು ಹೆಚ್ಚು ಮಾಡುತ್ತಿದ್ದವು. ತೆರೆದ ಕಣ್ಣು ಗುಂಪಿನಿಂದ ಹೊರಗೆ, ಅಪಾಯ ಬರಬಹುದಾದ ಕಡೆಗೆ ಇರುತ್ತಿತ್ತು.

ಮಾತು 2: ಅವು ಹಾರುತ್ತಲೇ ನಿದ್ರಿಸುತ್ತವೆ

ಇಲ್ಲಿ ಹಕ್ಕಿ ಅದಲುಬದಲಾಗಿದೆ. ಹಾರಾಟದಲ್ಲಿ ನಿದ್ರಿಸುವುದು ಮೆದುಳಿನ ಅಲೆಗಳ ದಾಖಲೆಯಿಂದಲೇ ಸಾಬೀತಾಗಿದ್ದು ಗಲಾಪಗೋಸ್ ದ್ವೀಪಗಳ ಫ್ರಿಗೇಟ್ ಹಕ್ಕಿಗಳಲ್ಲಿ, 2016ರಲ್ಲಿ. ಅವು ಹಾರುವಾಗ ದಿನಕ್ಕೆ ಸರಾಸರಿ 42 ನಿಮಿಷ ಮಾತ್ರ ನಿದ್ರಿಸಿದ್ದವು. ಫ್ರಿಗೇಟ್ ಹಕ್ಕಿ ನೀರಿನ ಮೇಲೆ ಇಳಿಯಲಾರದು. ಸೀಗಲ್‌ನ ಗರಿಗೆ ನೀರು ಹಿಡಿಯುವುದಿಲ್ಲ, ಹಾಗಾಗಿ ಅದು ತೇಲುತ್ತಲೇ ನಿದ್ರಿಸಬಲ್ಲದು.

ಮಾತು 3: ರಾತ್ರಿ ಕೂಗಿದರೆ ಅಪಶಕುನ

ಆಧಾರವಿಲ್ಲ. ಬ್ರಿಟನ್‌ನ ಊರುಗಳಲ್ಲಿ ಚಾವಣಿಗಳ ಮೇಲೆ ಗೂಡು ಕಟ್ಟುವ ಸೀಗಲ್‌ಗಳು ಮರಿಗಳ ರಕ್ಷಣೆಗಾಗಿ ರಾತ್ರಿಯೂ ಕೂಗುತ್ತವೆ. ಬೀದಿದೀಪ, ಬಂದರು ಮತ್ತು ದೋಣಿಗಳ ಬೆಳಕಿದ್ದರೆ ಕೆಲವು ರಾತ್ರಿಯಲ್ಲೂ ಆಹಾರ ಹುಡುಕುತ್ತವೆ. ಗಲಾಪಗೋಸ್‌ನ ಕವಲುಬಾಲದ ಸೀಗಲ್ ಅಂತೂ ಬೇಟೆಗೆ ಹೊರಡುವುದೇ ಕತ್ತಲಾದ ಮೇಲೆ. ಅದರ ಮುಖ್ಯ ಆಹಾರ ಮೀನು ಮತ್ತು ಬೊಂಡಾಸ.

ಮಲಗಿದೆಯೋ, ಕಾಯಿಲೆಯೋ?

ಹೆಚ್ಚು ಗಮನಿಸಬೇಕಾದ್ದು ಇದನ್ನೇ. ಒಂಟಿ ಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಗಳೊಳಗೆ ಹುದುಗಿಸಿದ ಹಕ್ಕಿಗೆ ಸಾಮಾನ್ಯವಾಗಿ ಗಾಯವಾಗಿರುವುದಿಲ್ಲ. ಗರಿಯಿಲ್ಲದ ಕಾಲಿನಿಂದ ಮೈಯ ಶಾಖ ಸೋರಿಹೋಗುತ್ತದೆ, ಹಾಗಾಗಿ ಒಂದು ಕಾಲನ್ನು ಮಡಚಿ ಬೆಚ್ಚಗಿಡುತ್ತದೆ. ನೀವು ಹತ್ತಿರ ಹೋದರೆ ತಲೆ ಎತ್ತಿ ನೋಡುತ್ತದೆ, ಹಾರಿಹೋಗುತ್ತದೆ.

ರೆಕ್ಕೆ ಜೋತುಬಿದ್ದಿದ್ದರೆ, ನಿಲ್ಲಲಾಗದೆ ತೂರಾಡುತ್ತಿದ್ದರೆ, ಕುತ್ತಿಗೆ ತಿರುಚಿಕೊಂಡಿದ್ದರೆ, ಜನ ಹತ್ತಿರ ಬಂದರೂ ಕದಲದಿದ್ದರೆ ಕಾಯಿಲೆ ಇರಬಹುದು. ಆಗ ಬರಿಗೈಯಲ್ಲಿ ಮುಟ್ಟಬೇಡಿ. ಹಕ್ಕಿಜ್ವರ ಸೀಗಲ್‌ಗಳಿಗೂ ತಗಲುತ್ತದೆ. 2023ರಲ್ಲಿ ಬ್ರಿಟನ್‌ನಲ್ಲಿ ಕಪ್ಪುತಲೆಯ ಸೀಗಲ್‌ಗಳು ದೊಡ್ಡ ಸಂಖ್ಯೆಯಲ್ಲಿ ಇದರಿಂದ ಸತ್ತವು. ಮಕ್ಕಳನ್ನೂ ನಾಯಿಯನ್ನೂ ದೂರವಿಡಿ. ಅರಣ್ಯ ಅಥವಾ ಪಶುಪಾಲನಾ ಇಲಾಖೆಗೆ ತಿಳಿಸಿ.

ಕೊನೆಯದಾಗಿ

ಸೀಗಲ್‌ಗಳು ನಿದ್ರಿಸುತ್ತವೆ, ಆದರೆ ಎಚ್ಚರ ಬಿಡುವುದಿಲ್ಲ. ವಿಡಿಯೊಗಾಗಿ ಮಲಗಿದ ಹಿಂಡಿನೊಳಗೆ ಓಡಿದರೆ, ಮೊಬೈಲ್ ಟಾರ್ಚ್ ಹಾಯಿಸಿದರೆ ಅವು ನಿದ್ದೆಗೆಟ್ಟು ಹಾರಬೇಕಾಗುತ್ತದೆ. ವಲಸೆಯ ದಾರಿಗೆಂದು ಕೂಡಿಟ್ಟ ಶಕ್ತಿ ಹೀಗೆ ವ್ಯರ್ಥವಾಗುತ್ತದೆ. ದೂರದಿಂದಲೇ ನೋಡಿ, ಮಲಗಲು ಬಿಡಿ.