ಗಗನಯಾತ್ರಿಗಳ ಮೊದಲ ಶಿರಸ್ತ್ರಾಣಗಳು

ಭೂಮಿಯಿಂದ ಸುಮಾರು 19 ಕಿಲೋಮೀಟರ್ ಮೇಲೇರಿದರೆ ಗಾಳಿಯ ಒತ್ತಡ ಎಷ್ಟು ಕುಗ್ಗುತ್ತದೆಂದರೆ, ನಮ್ಮ ಮೈಬಿಸಿಗೇ ನೀರು ಕುದಿಯತೊಡಗುತ್ತದೆ. ಅಲ್ಲಿಗೆ ಹೋಗುವವರ ತಲೆಯನ್ನು ಗಾಳಿ ಸೋರದಂತೆ ಮುಚ್ಚಲೇಬೇಕು. ಮುಚ್ಚಿದ್ದನ್ನು ಇಳಿದ ಮೇಲೆ ತೆರೆಯುವುದು ಅಷ್ಟೇ ಕಷ್ಟದ ಕೆಲಸವೆಂಬುದನ್ನು ಮೊದಲ ಶಿರಸ್ತ್ರಾಣಗಳ ಚರಿತ್ರೆ ತಿಳಿಸುತ್ತದೆ.

1934ರಲ್ಲಿ ಅಮೆರಿಕದ ಗುಡ್‌ರಿಚ್ ಕಂಪನಿಯ ರಸೆಲ್ ಕಾಲಿ ಅವರು ವಿಮಾನಿ ವೈಲಿ ಪೋಸ್ಟ್‌ಗಾಗಿ ರಬ್ಬರಿನ ಉಡುಪು ಮಾಡಿ, ಮೇಲೆ ಅಲ್ಯೂಮಿನಿಯಮ್ ಶಿರಸ್ತ್ರಾಣ ಕೂರಿಸಿದರು. ಕೊಳಗವನ್ನು ಬೋರಲು ಹಾಕಿದಂಥ ಆಕಾರ, ಮುಂದೆ ಒಂದೇ ದುಂಡು ಗಾಜು. ಪೋಸ್ಟ್ ಅವರಿಗೆ ಇದ್ದದ್ದೂ ಒಂದೇ ಕಣ್ಣು! 1935ರ ಫೆಬ್ರವರಿಯಲ್ಲಿ ಎಂಜಿನ್ ಕೆಟ್ಟು ಅವರು ಮೊಹಾವಿ ಮರುಭೂಮಿಯಲ್ಲಿ ಇಳಿಯಬೇಕಾಯಿತು. ಶಿರಸ್ತ್ರಾಣದ ತಿರುಪುಗಳಿದ್ದದ್ದು ಹಿಂಬದಿಯಲ್ಲಿ, ಕೈಗೆ ಎಟುಕುವಂತಿರಲಿಲ್ಲ. ಅದೇ ವೇಷದಲ್ಲಿ ನೆರವು ಕೇಳಲು ಬಂದವರನ್ನು ಕಂಡು ಅಲ್ಲಿದ್ದ ಅಂಗಡಿಯವನ ಜೀವ ಹಾರಿಹೋದಂತಾಯಿತಂತೆ.

1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ ತೊಟ್ಟ ಶಿರಸ್ತ್ರಾಣ ಉಡುಪಿಗೇ ಸೇರಿಕೊಂಡಿತ್ತು. ಮುಖದ ಗಾಜನ್ನಷ್ಟೇ ಎತ್ತಬಹುದಿತ್ತು. ಅವರು ಪ್ಯಾರಾಚೂಟಿನಲ್ಲಿ ಇಳಿಯುವಾಗ ಹೊರಗಾಳಿಯ ಕವಾಟ ಬಟ್ಟೆಯಡಿ ಸಿಕ್ಕಿಕೊಂಡಿತು. ಅದನ್ನು ತೆರೆಯಲು ಕೆಲವು ನಿಮಿಷ ಪರದಾಡಿದರು.

ಮೂರು ವಾರ ಕಳೆದು, ಮೇ 4ರಂದು, ಅಮೆರಿಕದ ನೌಕಾಪಡೆಯ ವೈದ್ಯ ವಿಕ್ಟರ್ ಪ್ರೇಥರ್ ಮತ್ತು ಮಾಲ್ಕಮ್ ರಾಸ್ ಬಲೂನಿನಲ್ಲಿ 34 ಕಿಲೋಮೀಟರಿಗೂ ಹೆಚ್ಚು ಎತ್ತರಕ್ಕೆ ಏರಿದರು. ತೊಟ್ಟಿದ್ದು ಗುಡ್‌ರಿಚ್ಚಿನ ಮಾರ್ಕ್ 4 ಉಡುಪು. ಆ ಎತ್ತರದಲ್ಲಿ ಉಡುಪು ಅವರನ್ನು ಕಾಪಾಡಿತು. ಮೆಕ್ಸಿಕೋ ಕೊಲ್ಲಿಯಲ್ಲಿ ಸುರಕ್ಷಿತವಾಗಿ ಇಳಿದ ಮೇಲೆ ಪ್ರೇಥರ್ ಮುಖದ ಗಾಜು ತೆರೆದರು. ಯಾರಾದರೂ ಹಾಗೆ ಮಾಡುತ್ತಿದ್ದರು. ಹೆಲಿಕಾಪ್ಟರಿನವರು ಮೇಲೆತ್ತುವಾಗ ಅವರು ಜಾರಿ ನೀರಿಗೆ ಬಿದ್ದರು. ತೆರೆದ ಮುಖದಿಂದ ಉಡುಪಿನೊಳಗೆ ನೀರು ನುಗ್ಗಿತು. ಅವರನ್ನು ಉಳಿಸಲಾಗಲಿಲ್ಲ. ಮರುದಿನವೇ ಅಲನ್ ಶೆಪರ್ಡ್ ಅದೇ ಉಡುಪಿನ ಸುಧಾರಿತ ರೂಪವನ್ನು ತೊಟ್ಟು ಬಾಹ್ಯಾಕಾಶಕ್ಕೆ ಹೋಗಿ ಬಂದರು. ಪತ್ರಿಕೆಗಳು ಕೊಂಡಾಡಿದ್ದು ಶೆಪರ್ಡರನ್ನು. ಪ್ರೇಥರ್ ಅವರ ಹೆಸರು ಇಂದು ಎಷ್ಟು ಜನರಿಗೆ ಗೊತ್ತು?

ಜುಲೈ 21ರಂದು ಗಸ್ ಗ್ರಿಸಮ್ ಕೂಡ ಸಮುದ್ರಕ್ಕಿಳಿದರು. ನೌಕೆಯ ಬಾಗಿಲು ಹಠಾತ್ತನೆ ಸಿಡಿದು ನೀರು ಒಳನುಗ್ಗಿದಾಗ ಅವರು ಹೊರಗೆ ಹಾರಿದರು. ಶಿರಸ್ತ್ರಾಣ ತೆಗೆದಿದ್ದರೂ ಕುತ್ತಿಗೆಗೆ ಬಿಗಿಯಾದ ರಬ್ಬರ್ ಪಟ್ಟಿಯೊಂದಿತ್ತು. ಆಮ್ಲಜನಕದ ಕೊಳವೆಯ ಬಾಯಿ ಮುಚ್ಚಲು ಮರೆತದ್ದರಿಂದ ಅಲ್ಲಿಂದ ನೀರು ಸೇರುತ್ತಿತ್ತು. ಆದರೆ ಕುತ್ತಿಗೆಯ ಕಡೆಯಿಂದ ನುಗ್ಗಲಿಲ್ಲ. ಹೆಲಿಕಾಪ್ಟರ್ ಬರುವವರೆಗೆ ಅವರು ತೇಲಿಕೊಂಡಿದ್ದರು.

ಚಂದ್ರನ ಮೇಲೆ ನಡೆದವರ ಶಿರಸ್ತ್ರಾಣಕ್ಕೆ ತೆರೆಯುವ ಮುಖವೇ ಇರಲಿಲ್ಲ. ಅದು ಪಾಲಿಕಾರ್ಬೊನೇಟಿನ ಪಾರದರ್ಶಕ ಬುರುಡೆ. ಹೊರಗೆ ನಡೆಯುವಾಗ ಅದರ ಮೇಲೆ ಬಿಸಿಲು ತಡೆಯುವ ಚಿನ್ನದ ಲೇಪನದ ಮುಸುಕು. ಕುತ್ತಿಗೆಯ ಬಳೆಯಿಂದ ಕಳಚಿದರೆ ಇಡೀ ಬುರುಡೆಯೇ ಕೈಗೆ ಬರುತ್ತಿತ್ತು.