ಎರಿ ಸೀಮೆಯ ಬ್ಯಾಸಗಿ ತಾಟು

ಬೇಸಿಗೆ ಬಂತಂದ್ರ ಎಲ್ಲಾರೂ ಒಂದ ಮಾತು ಹೇಳ್ತಾರ: ಊರಾಗ ಬೆಳೆದದ್ದು ತಿನ್ರಿ, ತಾಜಾ ತಿನ್ರಿ. ಕೇಳಾಕ ಚಲೋ ಐತಿ. ಆದರೆ ಅರವತ್ತು ವರ್ಷದ ಹಿಂದೆ ಸವದತ್ತಿ, ರಾಮದುರ್ಗದ ಎರಿ ಹೊಲದಲ್ಲಿ ಏಪ್ರಿಲ್ ತಿಂಗಳು ತಾಜಾ ಏನಿತ್ತು? ಬಾವಿ ಇದ್ದವರ ತೋಟದಾಗ ಉಳ್ಳಾಗಡ್ಡಿ, ನಾಕು ಮಡಿ ಮೆಂತೆ. ಉಳಿದ ನೆಲವೆಲ್ಲ ಬಿರಿದು ಮಲಗಿರುತ್ತಿತ್ತು.

ಇಲ್ಲಿಯ ಬೇಸಿಗೆ ಊಟ ಹೊಲದಿಂದಲ್ಲ, ಹಗೇವಿನಿಂದ ಬರುತ್ತಿತ್ತು. ಹಿಂಗಾರಿ ಬಿಳಿಜೋಳ ಎರಿ ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆದು ಫೆಬ್ರುವರಿ, ಮಾರ್ಚಿನಲ್ಲಿ ರಾಶಿಯಾಗುತ್ತದೆ. ಅದರ ಅಂಬಲಿ, ನುಚ್ಚು, ಮಜ್ಜಿಗಿ. ಜತೆಗೆ ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಹಂಗಾಮಿನದು ಅಂತ ಇದ್ದದ್ದು ಬಿಸಿಲೊಂದೇ. ಅದನ್ನೇ ದುಡಿಸಿಕೊಂಡರು ಹೆಣ್ಣುಮಕ್ಕಳು. ಶಾವಿಗಿ, ಹಪ್ಪಳ, ಸಂಡಿಗಿ, ಚವಳಿಕಾಯಿ ಬಾಳಕ ಎಲ್ಲವೂ ಮಾಳಿಗೆ ಮೇಲೆ ಒಣಗಿದವು. ರುಚಿಗಿಂತ ಮೊದಲು ಅದು ಲೆಕ್ಕಾಚಾರ. 1876ರಲ್ಲಿ ಮಳೆ ಕೈಕೊಟ್ಟು ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಿಗೆ ದೊಡ್ಡ ಬರ ಬಿತ್ತು. 1878ರ ತನಕ ಕಾಡಿತು. ಹಗೇವು ಖಾಲಿಯಾದ ಮನೆಗೆ ಯಾವ ಹಂಗಾಮೂ ಇರಲಿಲ್ಲ.

ಬೈಲಹೊಂಗಲ ದಾಟಿ ಪಡುವಣಕ್ಕೆ ಕಿತ್ತೂರಿನ ಕಡೆ ಹೋದರೆ ಮಾತು ಬ್ಯಾರೆ. ಕೆಂಪು ಮಣ್ಣು, ಮಳೆಯೂ ಹೆಚ್ಚು, ಮೇ ತಿಂಗಳಿಗೆ ಆಪೂಸ್ ಮಾವು. ಅದನ್ನು ನಮ್ಮದೇ ಅನ್ನುತ್ತೇವೆ. ಹೆಸರು ಮಾತ್ರ ಪೋರ್ಚುಗೀಸರ ಅಲ್ಫೊನ್ಸೊ, ಕಸಿ ಬಂದದ್ದು ಗೋವೆಯ ಕಡೆಯಿಂದ. ಶೇಂಗಾ, ಮೆಣಸಿನಕಾಯಿ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಹಂಗಂತ ಶೇಂಗಾ ಹಿಂಡಿ ನಮ್ಮದಲ್ಲ ಅಂತ ಯಾರಿಗೆ ಹೇಳೂಣು?

ಇನ್ನು ಮೀನು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮಳೆಗಾಲದ ಹೊಳೆ. ಬ್ಯಾಸಿಗ್ಯಾಗ ಮಡುವಿನಲ್ಲಷ್ಟೇ ನೀರು, ಮಡುವಿನಲ್ಲಷ್ಟೇ ಮೀನು. ಕಡಲ ಮೀನು ಘಟ್ಟ ಹತ್ತಿ ಇಷ್ಟು ದೂರ ಬರಬೇಕಾದರೆ ಉಪ್ಪು ಹಚ್ಚಿಕೊಂಡು, ಒಣಗಿಯೇ ಬರಬೇಕು. ಕರಾವಳಿಯವರಿಗೂ ಬೇಸಿಗೆ ಅಂದರೆ ಮಳೆಗಾಲಕ್ಕೆ ಮೀನು ಒಣಗಿಸುವ ಕಾಲ. ನಮ್ಮ ಮಾಳಿಗೆ ಮೇಲಿನ ಸಂಡಿಗಿಗೂ ಕಾರವಾರದ ಉಸುಕಿನ ಮೇಲಿನ ಮೀನಿಗೂ ಒಂದೇ ಬಿಸಿಲು.

1972ರ ಹೊತ್ತಿಗೆ ಮುನವಳ್ಳಿ ಹತ್ತಿರ ನವಿಲುತೀರ್ಥದ ಗುಡ್ಡದ ಸಂದಿಗೆ ಅಣೆಕಟ್ಟು ಎದ್ದಿತು. ಸುಮಾರು 37 ಟಿಎಂಸಿ ನೀರು ನಿಂತಿತು. ಕಾಲುವೆ ಹರಿದಲ್ಲಿ ಬೇಸಿಗೆಗೂ ಹಸಿರು ಬಂತು, ಸವದತ್ತಿಗೆ ಹಸಿ ಮೀನು ಬಂತು. ಕಾಟ್ಲಾ, ರೋಹು ಇವು ಗಂಗಾ ಬಯಲಿನ ಮೀನು. ಮರಿ ತಂದು ಬಿಟ್ಟಿದ್ದು. ಈಗ ಅವೇ ಲೋಕಲ್.

ಬೇಸಿಗೆಯಲ್ಲಿ ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯೋ ನೀರು ಹೋಗುತ್ತದೆ, ಜಲಾಶಯ ತಗ್ಗುತ್ತದೆ, ಮೀನು ಒಂದೆಡೆ ಕೂಡುತ್ತವೆ, ಬಲೆ ತುಂಬುತ್ತದೆ. ಆ ಬಲೆ ಬೀಸುವ ಜಾಗದ ಕೆಳಗೆ ಒಂದು ಕಾಲಕ್ಕೆ ಬಿಳಿಜೋಳದ ಎರಿ ಹೊಲ, ಕಣ, ಹಗೇವು ಇದ್ದವು.